ನಾನು ಕೊಟ್ಟ ಹುಟ್ಟಿದ ದಿನ

ಆ ಹೆಂಗಸನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳಿಗೂ ಅಷ್ಟೇ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಾನು ಕೆಲಸಕ್ಕಿದ್ದ ಟೈಪಿಂಗ್ ಸೆಂಟರಿಗೆ ಮಗಳನ್ನು ಕರೆದುಕೊಂಡು ಬಂದ ಮೊದಲ ದಿನವೇ ಅವಳು ಸಾಲು ಮುರಿದು ಬಂದು, ನನ್ನ ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತಳು. ವೀಸಾ ಇರಲಿ, ಬಾಡಿಗೆ ಕರಾರು ಇರಲಿ, ಇಲ್ಲಿ ಜನ ಅರ್ಜಿಗಳನ್ನು ನಮ್ಮಂಥವರ ಹತ್ತಿರ ಟೈಪ್ ಮಾಡಿಸುತ್ತಾರೆ. ಇವಳು ಕಾಬೂಲಿನ ಹೆಂಗಸರ ಜೈಲಿನಲ್ಲಿ ವಾರ್ಡನ್ ಆಗಿದ್ದವಳು. ಸರ್ಕಾರ ಬಿದ್ದಾಗ ಜೈಲಿನ ಬಾಗಿಲು ತೆರೆಯಿತು. ಒಳಗಿದ್ದವರ ಕಡೆಯವರು ಇವಳನ್ನು ಹುಡುಕಿಕೊಂಡು ಮನೆಗೇ ಬಂದರು. ವಾಪಸ್ ಹೋದರೆ ಉಳಿಗಾಲವಿಲ್ಲ. ಆದರೂ ದರ್ಪ ಒಂದಿಷ್ಟೂ ಇಳಿದಿರಲಿಲ್ಲ. ನನ್ನನ್ನೂ ಕೈದಿಯ ಹಾಗೇ ನೋಡುತ್ತಿದ್ದಳು.

ದೂರದ ಒಂದು ದೇಶ ಇಂಥವರನ್ನು ಕರೆಸಿಕೊಂಡು ನೆಲೆ ಕೊಡುತ್ತಿತ್ತು. ಅದಕ್ಕೇ ಅರ್ಜಿ. ತಾಯಿಯ ಫೈಲಿನಲ್ಲಿ ಮಗಳೂ ಹೋಗಬಹುದು, ಆದರೆ ಇಪ್ಪತ್ತೊಂದು ತುಂಬಿರಬಾರದು. ಮಗಳ ಗುರುತಿನ ಕಾಗದದಲ್ಲಿ ಹುಟ್ಟಿದ ವರ್ಷ ಮಾತ್ರ ಇತ್ತು. ತಿಂಗಳಿಲ್ಲ, ದಿನವಿಲ್ಲ.

"ಅವಳು ಹುಟ್ಟಿದಾಗ ದಾಳಿಂಬೆ ಹಣ್ಣಾಗಿತ್ತು. ನಮ್ಮ ತೋಟದಲ್ಲಿ..." ಎಂದು ತಾಯಿ ಹರಕು ಹಿಂದಿಯಲ್ಲಿ ಶುರು ಮಾಡಿದಳು.

"ಖಲಾಸ್, ಖಲಾಸ್" ಎಂದೆ. ಹಿಂದೆ ಹನ್ನೆರಡು ಜನ ಕಾಯುತ್ತಿದ್ದರು, ಯಾರಿಗೆ ಬೇಕು ಇವಳ ದಾಳಿಂಬೆ! ದಿನ ಗೊತ್ತಿಲ್ಲದವರಿಗೆಲ್ಲ ಜನವರಿ ಒಂದು ಹಾಕುವುದು ನಮ್ಮಲ್ಲಿ ರೂಢಿ. ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಮಂಗಳೂರಿನಲ್ಲಿ ನಮ್ಮ ಶಾಲೆಯ ಹೆಡ್ ಮಾಸ್ಟರರು ಅರ್ಧ ಊರಿನ ಮಕ್ಕಳಿಗೆ ಜೂನ್ ಒಂದು ಬರೆದಿದ್ದರು. ಇಗರ್ಜಿಯ ಜ್ಞಾನಸ್ನಾನದ ಪುಸ್ತಕದ ಪ್ರಕಾರ ನಾನು ಹುಟ್ಟಿದ್ದು ಸೆಪ್ಟೆಂಬರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಜೂನ್ ಒಂದು. ಅದರಿಂದ ನನ್ನ ಕೂದಲೂ ಕೊಂಕಿರಲಿಲ್ಲ. ಟೈಪ್ ಮಾಡಿ, ಬೆರಳಿಟ್ಟು ತೋರಿಸಿ, "ಇಲ್ಲಿ ಸೈನ್" ಎಂದೆ. ಅವಳಿಗೆ ಇಂಗ್ಲಿಷ್ ಬಾರದು. ಸಹಿ ಹಾಕಿದಳು.

ಆಮೇಲೆ ಆ ದೇಶದಲ್ಲಿ ಒಂದು ತಕರಾರು. ನಿರಾಶ್ರಿತರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಅಲ್ಲಿನ ಕಾನೂನು ಸರ್ಕಾರಕ್ಕೆ ಇಂತಿಷ್ಟು ಕಾಲಕ್ಕೆ ಎಂದು ಮಾತ್ರ ಕೊಟ್ಟಿತ್ತಂತೆ. ಕಾಲ ಮುಗಿಯಿತು. ಮುಂದುವರಿಸಬೇಕಾದವರು ಸಭೆಯಲ್ಲಿ ಕೂತು ಕಚ್ಚಾಡಿದರು. ಅವರ ಮನೆ ಹಾಳಾಗ! ಇಲ್ಲಿ ಫೈಲುಗಳು ಕೊಳೆಯುತ್ತಿದ್ದವು. ಅವಳು ವಾರ ವಾರ ಬಂದು, ತಡ ಮಾಡುತ್ತಿರುವವಳು ನಾನೇ ಎಂಬಂತೆ ಜಗಳ ಕಾಯುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ, ಒಂದಕ್ಕೆರಡು ಕೊಡುತ್ತಿದ್ದೆ.

ಹೊಸ ವರ್ಷ ಕಳೆದು ಬೇಸಿಗೆಯಲ್ಲಿ ಕಾನೂನಿನ ಅವಧಿ ಮುಂದಕ್ಕೆ ಹೋಯಿತು. ಮಕ್ಕಳ ವಯಸ್ಸನ್ನು ಮಾತ್ರ ಅರ್ಜಿ ಹಾಕಿದ ದಿನಕ್ಕಲ್ಲ, ಹೊಸ ಆದೇಶದ ದಿನಕ್ಕೆ ನೋಡಿದರು. ದಾಳಿಂಬೆ ಹಣ್ಣಾಗುವ ಕಾಲಕ್ಕೆ ಇನ್ನೂ ಮೂರು ತಿಂಗಳಿತ್ತು. ನಿಜದಲ್ಲಿ ಹುಡುಗಿಗೆ ಇಪ್ಪತ್ತೇ. ಕಾಗದದಲ್ಲಿ ಜನವರಿ ಒಂದಕ್ಕೇ ಇಪ್ಪತ್ತೊಂದು ತುಂಬಿತ್ತು. ತಾಯಿಗೆ ಒಪ್ಪಿಗೆ ಬಂತು, ಮಗಳ ಹೆಸರು ಹೊಡೆದುಹಾಕಿದ್ದರು.

"ನನ್ನ ಮಗಳನ್ನು ನೀನು ಕಿತ್ತುಕೊಂಡೆ" ಎಂದು ಅವಳು ಎಲ್ಲರೆದುರು ಕೂಗಿದಳು. ಅವಳು ಹೇಳಿದ್ದು ನಿಜವಾಗಿತ್ತು.

ತಪ್ಪು ನನ್ನದೆಂದು ಬರೆದುಕೊಡುತ್ತೇನೆ ಎಂದಾಗ ಸೆಂಟರಿನ ಮಾಲೀಕರು, ಉಡುಪಿ ಕಡೆಯವರು, ಹಾರಿಬಿದ್ದರು. "ಎಂತ, ತಲೆ ಸಮ ಉಂಟಾ ನಿಮಗೆ? ಲೈಸೆನ್ಸ್ ಹೋದ್ರೆ ನಾನೂ ನೀವೂ ಒಟ್ಟಿಗೆ ಊರಿಗೆ ಹೋಗ್ಬೇಕಷ್ಟೆ!"

"ಹೋಗುವ. ಅವಳಿಗೆ ಹೋಗ್ಲಿಕ್ಕೆ ಊರೂ ಇಲ್ಲ ಮಾರಾಯ್ರೆ" ಎಂದು ಆ ದೇಶದ ಕಚೇರಿಗೆ ಬರೆದು ಕಳಿಸಿಯೇ ಬಿಟ್ಟೆ. ಉತ್ತರ ಎರಡೇ ಸಾಲು: ಅರ್ಜಿದಾರರು ಓದಿ ಸಹಿ ಮಾಡಿದ್ದಾರೆ, ಬದಲಾವಣೆ ಸಾಧ್ಯವಿಲ್ಲ. ಓದಿ ಅಂತೆ! ಆ ಕಾಗದ ಹಿಡಿದು ಟಾಯ್ಲೆಟ್ಟಿನಲ್ಲಿ ನಿಂತು ಅತ್ತೆ.

ಮಗಳಿಲ್ಲದೆ ವಿಮಾನ ಹತ್ತುವುದಿಲ್ಲ ಎಂದು ತಾಯಿ ಹಟ ಹಿಡಿದಳು. ಅವಳ ಇಲ್ಲಿನ ವೀಸಾ ಮುಗಿಯಲು ಇನ್ನು ಹತ್ತೇ ದಿನ. ಆಮೇಲೆ ಕಾಬೂಲೇ ಗತಿ. ಮಗಳಿಗೆ ದುಬೈಯ ದೇರಾದ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸವಿತ್ತು, ಅವರದೇ ವೀಸಾ ಇತ್ತು, ಅವಳು ಉಳಿಯಬಹುದಿತ್ತು. ಒಂದು ಮಧ್ಯಾಹ್ನ ಅವಳೊಬ್ಬಳೇ ಬಂದಳು.

"ಆಂಟಿ, ನೀವು ಹೇಳಿದರೆ ಅಮ್ಮ ನಂಬುತ್ತಾಳೆ. ತಾರೀಖು ಸರಿಯಾಯಿತು, ಒಂದು ತಿಂಗಳಲ್ಲಿ ಮಗಳೂ ಬರುತ್ತಾಳೆ ಎಂದುಬಿಡಿ."

"ನನ್ನ ಮುಖ ಕಂಡರೇ ಉರಿದುಬೀಳುತ್ತಾಳೆ. ನನ್ನನ್ನು ಯಾಕೆ ನಂಬುತ್ತಾಳೆ?"

"ನಾನು ಹೇಳಿದರೆ ಸಮಾಧಾನಕ್ಕೆ ಹೇಳಿದ್ದು ಅಂತಾಳೆ. ನಿಮಗೆ ಅವಳ ಮೇಲೆ ಪ್ರೀತಿ ಇಲ್ಲವಲ್ಲ, ನೀವು ಯಾಕೆ ಸುಳ್ಳು ಹೇಳುತ್ತೀರಿ?"

ಮರುದಿನ ಇಬ್ಬರೂ ಬಂದರು. ನಾನು ಕಂಪ್ಯೂಟರಿನಲ್ಲಿ ಯಾವುದೋ ಪುಟ ತೆರೆದು, ಎಂದಿನ ಸಿಡುಕಿನಲ್ಲೇ, "ನೋಡಿ, ಸರಿಯಾಗಿದೆ. ಮಗಳದ್ದು ಮುಂದಿನ ತಿಂಗಳು. ಯಲ್ಲಾ, ಹೊರಡಿ ಇನ್ನು" ಎಂದೆ.

ಅವಳು ಪರದೆಯನ್ನು ನೋಡಲೇ ಇಲ್ಲ. ಕೌಂಟರ್ ಸುತ್ತಿ ಒಳಗೆ ಬಂದು, ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅಂಗೈಯೆಲ್ಲ ಒದ್ದೆಯಾಯಿತು. ಮಗಳು ಬಾಗಿಲ ಕಡೆ ತಿರುಗಿ ನಿಂತಿದ್ದಳು. ಬಯ್ಯಿ ಮಾರಾಯ್ತಿ, ಒಂದು ಸಲ ಬಯ್ಯಿ ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ನನ್ನ ಮಕ್ಕಳ ಹೆಸರು ಕೇಳಿದಳು, ಪ್ರಾರ್ಥನೆಯಲ್ಲಿ ಸೇರಿಸಿಕೊಳ್ಳಲು. ಹೇಳಿದೆ.