ಖಾನಾಪುರ ದಾರಿಗೆ ಮಾಡಿದ ದೀಪಗಳು

ಆ ಕಾರು ನನ್ನ ಕೈಗೆ ಬಂದಾಗಲೇ ಹಳೆಯದಾಗಿತ್ತು. ಮುಂದೆ ಎರಡು ದುಂಡು ದೀಪ, ಸ್ಟೇರಿಂಗಿನ ಪಕ್ಕದಲ್ಲೇ ಗೇರು, ಮಳೆಗಾಲದಲ್ಲಿ ಎಡಗಾಲಿನ ಕೆಳಗೆ ಒಂದಿಷ್ಟು ನೀರು. ನಾನು ಖಾನಾಪುರದಲ್ಲಿ ದನದ ಡಾಕ್ಟರ್. ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ. ದೂರದ ಗುಂಜಿ ಹಳ್ಳಿಯ ಕಡೆಯಿಂದ ಕರೆ ಬಂದ ದಿನ ಮಾತ್ರ ತಡವಾಗುತ್ತಿತ್ತು. ಎಮ್ಮೆ ಈಯುವುದಕ್ಕೆ ಆಫೀಸಿನ ವೇಳೆ ಎಂಬುದಿಲ್ಲ.

ಹೊಸ ಶತಮಾನ ಶುರುವಾಗಿ ಒಂದು ವರ್ಷವಾಗಿತ್ತೋ ಏನೋ, ಒಂದು ಸಂಜೆ ಖಾನಾಪುರದಿಂದ ಬರುವಾಗ ಸೈಕಲ್ ತಳ್ಳಿಕೊಂಡು ಹೊರಟಿದ್ದ ಒಬ್ಬ ಹಾಲಿನವನಿಗೆ ಕಾರು ತಾಗಿತು. ಅವನಿಗಲ್ಲ, ಸೈಕಲ್ಲಿಗೆ ನೇತುಹಾಕಿದ್ದ ಕ್ಯಾನಿಗೆ. ಕ್ಯಾನು ಉರುಳಿ ಹಾಲೆಲ್ಲ ರಸ್ತೆಯ ಬದಿಗೆ ಹರಿಯಿತು. ಇಳಿದು ಹೋಗಿ ಅವನ ಕೈಕಾಲು ಮುಟ್ಟಿ ನೋಡಿದೆ. ಎಲ್ಲಿಯೂ ಪೆಟ್ಟಾಗಿರಲಿಲ್ಲ.

"ಕಣ್ಣ ಕಾಣಸೂದಿಲ್ಲೇನ್ರಿ ನಿಮಗ?" ಎಂದ.

"ದೀಪ ಮಂದ ಅದಾವಪಾ, ತಪ್ಪಾತು," ಎಂದೆ. ನಾನು ಹೇಳಿದ್ದು ಸುಳ್ಳಲ್ಲ. ಆ ದೀಪಗಳು ಮಂದವೇ ಇದ್ದವು.

ನಮ್ಮ ಪಕ್ಕದ ಮನೆಯ ಕಾಕಾ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರ ಓಡಿಸಿ ನಿವೃತ್ತರಾದವರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಣ್ಣದೊಂದು ಲೇತ್ ಇಟ್ಟುಕೊಂಡಿದ್ದರು. ಹಾಲಿನವನ ಸಂಗತಿ ಕೇಳಿ ಅವರು ಬಂದು ದೀಪ ಹಚ್ಚಿಸಿ ನೋಡಿದರು. ದೊಡ್ಡ ಬಲ್ಬು ಹಾಕೋಣವೇ ಎಂದು ಕೇಳಿದೆ.

"ಬಲ್ಬ್ ದೊಡ್ಡದು ಹಾಕಿದ್ರ ವೈರ್ ಸುಟ್ಟು ಹೋಗ್ತಾವ್ರಿ ಡಾಕ್ಟರ್ರ. ಮ್ಯಾಲ ಎದುರು ಬರಾವನ ಕಣ್ಣಿಗೆ ಹೊಡಿತೈತಿ. ಗುಜರಿ ಅಂಗಡ್ಯಾಗ ಒಂದು ಫಾರೆನ್ ಗಾಡಿ ಮೋತಿ ಬಿದ್ದೈತಿ, ಗೋವಾ ರೋಡಿನ್ಯಾಗ ಆ್ಯಕ್ಸಿಡೆಂಟ್ ಆದದ್ದು. ಅದರ ದೀಪದ ಮುಂದ ದಪ್ಪನ್ನ ಭಿಂಗ ಅದಾವ. ನೋಡೂಣು ಬರ್ರಿ."

ಮೋತಿ ಎಂದರೆ ಅವರ ಮಾತಿನಲ್ಲಿ ಗಾಡಿಯ ಮುಂಭಾಗ, ಭಿಂಗ ಎಂದರೆ ಲೆನ್ಸು. ಪ್ರೊಜೆಕ್ಟರ್ ಎಂಬ ಹೆಸರು ನಮಗೆ ಗೊತ್ತಾದದ್ದು ಆಮೇಲೆ. ಗುಜರಿ ಅಂಗಡಿಯಲ್ಲಿ ಕಾಕಾ ಅವೆರಡನ್ನೂ ಬಿಚ್ಚಿಸಿಕೊಂಡರು. ಒಂದೊಂದೂ ತೆಂಗಿನಕಾಯಿಗಿಂತ ಚಿಕ್ಕದು: ಹಿಂದೆ ಬಟ್ಟಲಿನಂತಹ ಹೊಳಪಿನ ಕನ್ನಡಿ, ಅದರೊಳಗೆ ಬಲ್ಬು, ಬಲ್ಬಿನ ಮುಂದೆ ಅರ್ಧ ಬೆಳಕಿಗೆ ಅಡ್ಡ ನಿಲ್ಲುವ ಸಣ್ಣ ತಗಡು, ಎಲ್ಲಕ್ಕಿಂತ ಮುಂದೆ ಉಬ್ಬಿದ ಗಾಜು. ಬೆಳಕು ರಸ್ತೆಯ ಮೇಲಷ್ಟೇ ಬಿದ್ದು ಎದುರಿನವರ ಕಣ್ಣಿಗೆ ಏರದಂತೆ ಆ ತಗಡು ತಡೆಯುತ್ತದೆ.

ಕೆಲಸ ನಾಲ್ಕು ಭಾನುವಾರ ಹಿಡಿಯಿತು. ಮೊದಲು ನಮ್ಮ ಕಾರಿನ ದುಂಡು ದೀಪದ ಗಾಜನ್ನು ಅದರ ಡಬ್ಬಿಯಿಂದ ಬಿಡಿಸಬೇಕಿತ್ತು. ಅಂಟು ಕಲ್ಲಾಗಿತ್ತು. ಅಡುಗೆಮನೆಯಿಂದ ದೊಡ್ಡ ಪಾತೇಲಿ ತಂದು, ನೀರು ಕುದಿಸಿ, ಉಗಿಯ ಮೇಲೆ ದೀಪವನ್ನು ಮಕಾಡೆ ಇಟ್ಟೆವು. ಅಂಟು ಕರಗಿ ಕಪ್ಪು ರಸ ಪಾತೇಲಿಗೆ ಇಳಿಯಿತು. ನನ್ನ ಹೆಂಡತಿ ಬಂದು ಇಣುಕಿದಳು.

"ಹೋಳಿಗಿ ಬ್ಯಾಳಿ ಕುದಸೂ ಪಾತೇಲಿ ಅದು. ಇನ್ನ ಅದರಾಗ ಅಡಗಿ ಹೆಂಗ ಮಾಡ್ಲಿ?"

"ತಿಕ್ಕಿ ಕೊಡ್ತೀನಿ," ಎಂದೆ. ತಿಕ್ಕಿದೆ, ವಾಸನೆ ಹೋಗಲಿಲ್ಲ. ಆ ಪಾತೇಲಿ ಮುಂದೆ ಹಿತ್ತಲಲ್ಲಿ ಬಿಸಿನೀರಿಗೆ ಹೋಯಿತು.

ಮೊದಲನೆಯ ಗಾಜು ಸ್ಕ್ರೂಡ್ರೈವರ್ ಹಾಕಿ ಮೀಟುವಾಗ ಒಡೆಯಿತು. ಬೇರೆ ದೀಪ ಹುಡುಕಲು ಒಂದು ವಾರ ಹೋಯಿತು. ಆಮೇಲೆ ಡಬ್ಬಿಯ ಬೆನ್ನಿಗೆ ದುಂಡಗೆ ತೂತು ಕೊರೆದು, ಕಾನಸಿನಿಂದ ಅಂಚು ಉಜ್ಜಿ ನಯ ಮಾಡಿ, ಪ್ರೊಜೆಕ್ಟರನ್ನು ಒಳಗಿಟ್ಟು ನೋಡಿದರೆ ಸಡಿಲ. ಕಾಕಾ ಲೇತಿನ ಮೇಲೆ ಅಲ್ಯೂಮಿನಿಯಮ್ಮಿನ ಎರಡು ಬಳೆಗಳನ್ನು ಮಾಡಿದರು. ಬಳೆಗೆ ಮೂರು ಸ್ಕ್ರೂ, ಪ್ರತಿ ಸ್ಕ್ರೂಗೆ ಒಂದು ಸ್ಪ್ರಿಂಗು. ಸ್ಕ್ರೂ ತಿರುಗಿಸಿದರೆ ದೀಪದ ದಿಕ್ಕು ಕೂದಲೆಳೆಯಷ್ಟು ಬದಲಾಗಬೇಕು. ನಾನು ಬಾಲ್‌ಪೆನ್ನುಗಳ ಸ್ಪ್ರಿಂಗು ತೆಗೆದುಕೊಟ್ಟೆ. ಕಾಕಾ ಅವನ್ನು ಅಂಗೈಯಲ್ಲಿಟ್ಟು ನೋಡಿ, ತಮ್ಮ ಡಬ್ಬಿಯಿಂದ ಬೇರೆ ಹುಡುಕಿಕೊಂಡರು.

ವೈರಿನ ಕೆಲಸ ನನ್ನದು. ಹಳೆಯ ಸ್ವಿಚ್ಚಿನ ಮೂಲಕ ಅಷ್ಟು ವಿದ್ಯುತ್ತು ಹಾಯಬಾರದೆಂದು ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದು, ನಡುವೆ, ಸ್ವಿಚ್ಚಿನ ಸಣ್ಣ ಕರೆಂಟಿನಿಂದಲೇ ದೀಪ ಹಚ್ಚುವ ರಿಲೇ ಕೂರಿಸಿದೆ. ಒಂದೊಂದು ಜೋಡಣೆಯನ್ನೂ ಹೊಲಿಗೆ ಹಾಕುವಾಗಿನ ನಿಗಾದಿಂದ ಮಾಡಿದೆ. ಕೈಕೆಲಸದಲ್ಲಿ ನನಗೆ ಎಂದೂ ಬೇಸರವಿರಲಿಲ್ಲ. ದೂರದ ಬೆಳಕಿಗೆಂದು ಬಂಪರಿನ ಮೇಲೆ ಬೇರೆ ಎರಡು ಸಣ್ಣ ದೀಪ ಹಾಕಿದೆವು.

ಮೂರನೆಯ ಭಾನುವಾರ ಸಂಜೆ, ಕತ್ತಲಾಗುತ್ತಲೇ, ಕಾರನ್ನು ಎದುರು ಮನೆಯ ಕಂಪೌಂಡಿಗೆ ಮುಖಮಾಡಿ ನಿಲ್ಲಿಸಿ ಸ್ವಿಚ್ ಹಾಕಿದೆ. ಕಂಪೌಂಡು ಕತ್ತಲಲ್ಲೇ ಉಳಿಯಿತು. ಬೆಳಕೆಲ್ಲ ಮಹಡಿಗೆ ಏರಿ, ಒಣಗಿದ ಬಟ್ಟೆ ತೆಗೆಯುತ್ತಿದ್ದ ಆ ಮನೆಯ ಯಜಮಾನರ ಮೇಲೆ ಬಿತ್ತು. ಅವರು ಕೈಯಲ್ಲಿ ಬನಿಯನ್ ಹಿಡಿದುಕೊಂಡೇ ಕೂಗಿದರು: "ಯಾರ್ರೀ ಅದು? ಬಂದ್ ಮಾಡ್ರಿ!"

ಮೇಲಿನ ಬೆಳಕು ತಡೆಯಬೇಕೆಂದು ನಾವು ತಗಡನ್ನು ಮೇಲ್ಬದಿಗೆ ಬರುವಂತೆ ಕೂರಿಸಿದ್ದೆವು. ಉಬ್ಬುಗಾಜು ಚಿತ್ರವನ್ನು ತಲೆಕೆಳಗು ಮಾಡುತ್ತದೆಂದು ಕಾಲೇಜಿನಲ್ಲಿ ಓದಿದ್ದು ನನಗೆ ಆಗ ನೆನಪಾಯಿತು. ಕಾಕಾಗೆ ವಿವರಿಸಿದೆ.

"ಗೊತ್ತಿತ್ತಂದ್ರ ಮದಲ ಹೇಳಬೇಕಿಲ್ರೀ?" ಎಂದು ಅವರು ದೀಪ ಬಿಚ್ಚಲು ಪಾನಾ ಕೈಗೆತ್ತಿಕೊಂಡರು.

ನಾಲ್ಕನೆಯ ಭಾನುವಾರ ಎರಡನ್ನೂ ತಿರುಗಿಸಿ ಹಾಕಿದೆವು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಸ್ಕ್ರೂ ಹೊಂದಿಸಿದೆವು. ಬೆಳಕಿನ ಮೇಲಂಚು ಪಟ್ಟಿ ಹಿಡಿದು ಎಳೆದಂತೆ ನೇರವಾಗಿ ನಿಂತಿತು. ಮೇಲೆ ಕತ್ತಲು, ಕೆಳಗೆ ಹಗಲು. ಕಾಕಾ ಗೋಡೆಯ ಹತ್ತಿರ ಹೋಗಿ ಆ ಅಂಚಿನುದ್ದಕ್ಕೂ ಬೆರಳಾಡಿಸಿದರು. ಮೂವತ್ತು ವರ್ಷ ಬೇರೆಯವರ ಡ್ರಾಯಿಂಗ್ ನೋಡಿ ಕೆಲಸ ಮಾಡಿದೆ, ಇದು ನನ್ನದೇ ಎಂದರು.

ಮರುದಿನ ಸಂಜೆ ಏಳರ ಸುಮಾರಿಗೆ ಇಬ್ಬರೂ ಖಾನಾಪುರ ರಸ್ತೆಗೆ ಹೊರಟೆವು. ನಾನು ಓಡಿಸುತ್ತಿದ್ದೆ, ಕಾಕಾ ಪಕ್ಕದಲ್ಲಿ. ಊರಿನ ದೀಪಗಳು ಹಿಂದೆ ಉಳಿದವು.

"ಹಗಲ ಮಾಡಿಟ್ಟಂಗ ಆಗೇತಿ," ಎಂದರು ಕಾಕಾ. ಸ್ವಲ್ಪ ಹೊತ್ತಿನ ಮೇಲೆ, "ಸ್ವಲ್ಪ ಬಲಕ್ಕ ತುಗೋರ್ರಿ. ಎಡಕ್ಕ ಒಬ್ಬಾಕಿ ಹೊಂಟಾಳ, ತಲಿಮ್ಯಾಲ ಹುಲ್ಲಿನ ಹೊರಿ."

ನನಗೆ ಯಾರೂ ಕಾಣಲಿಲ್ಲ. ನಡುರಸ್ತೆಯಲ್ಲಿ ಬೆಳಗಿದ ಒಂದು ತುಂಡು ಡಾಂಬರು ಕಾಣುತ್ತಿತ್ತು, ಅದರ ಎರಡೂ ಬದಿಗೆ ಏನೂ ಇರಲಿಲ್ಲ. ಆದರೂ ಕಾರನ್ನು ಬಲಕ್ಕೆ ಎಳೆದೆ. ಹುಲ್ಲಿನ ಹೊರೆ ಕಿಟಕಿಗೆ ಸವರಿಕೊಂಡು ಹೋದಾಗಲೇ ಅಲ್ಲಿ ಒಬ್ಬ ಹೆಂಗಸು ಇದ್ದಳೆಂದು ಖಾತ್ರಿಯಾಯಿತು.

ಕಾರು ಬದಿಗೆ ನಿಲ್ಲಿಸಿದೆ. "ಕಾಕಾ, ನೀವ ಓಡಸ್ರಿ," ಎಂದೆ. ಕಾರ್ಖಾನೆಯ ಟೆಂಪೊ ಓಡಿಸಿ ಅಭ್ಯಾಸವಿದ್ದ ಅವರು ಸಂತೋಷದಿಂದಲೇ ಈ ಕಡೆ ಬಂದು ಕೂತರು.

"ಏನೇನ್ ಕಾಣಸ್ತೈತಿ ಹೇಳಕೋಂತ ನಡೀರಿ."

ಕಾಕಾ ಹೇಳುತ್ತ ಹೋದರು. ಮೈಲಿಗಲ್ಲು. ಗಿಡದ ಬುಡಕ್ಕೆ ಬಳಿದ ಸುಣ್ಣ. ಬಾಜೂಕ ಕಟ್ಟಿದ ಎಮ್ಮೆ. ಗಟಾರದ ಅಂಚಿಗೆ ಕೂತ ಇಬ್ಬರು. ಒಂದು ನಾಯಿ. ನನಗೆ ಮೈಲಿಗಲ್ಲೊಂದು ಕಂಡಿತು, ಅದೂ ಅವರು ಹೇಳಿದ ಮೇಲೆ. ದೀಪ ಹೊಂದಿಸಿದ್ದು ತಪ್ಪಾಗಿದೆ ಎನ್ನಲು ಈಗ ಬರುವಂತಿರಲಿಲ್ಲ. ಒಂದೇ ಬೆಳಕಿನಲ್ಲಿ ಅವರು ನೋಡುತ್ತಿದ್ದರು, ನಾನು ನೋಡುತ್ತಿರಲಿಲ್ಲ. ಕಾಕಾ ಕಾರು ತಿರುಗಿಸಿ ಮನೆ ಮುಟ್ಟಿಸಿದರು. ಆಗ ನನಗೆ ಬಂದದ್ದು ಭಯವಲ್ಲ, ಒಂದು ಬಗೆಯ ನಾಚಿಕೆ. ಹಸಿರು ಮೇವಿಲ್ಲದ ಕರುಗಳು ಸಂಜೆಯಾದೊಡನೆ ಗೂಟಕ್ಕೆ, ಗೋಡೆಗೆ ಹಾಯುವುದನ್ನು ನೋಡಿ ಇದು ಇರುಳುಗುರುಡು ಎಂದು ಎಷ್ಟೋ ಜನರಿಗೆ ಹೇಳಿ ಅವಕ್ಕೆ ವಿಟಮಿನ್ ಇಂಜೆಕ್ಷನ್ ಕೊಟ್ಟವನು ನಾನು.

ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

"ಥೇಟರದಾಗ ಯಾರದೋ ತೊಡಿಮ್ಯಾಲ ಕುಂತಿದ್ರಿ, ನೆನಪೈತೇನು? ಕರೆಂಟ್ ಹೋದ್ರ ದಿನಾ ಮಂಚಕ್ಕ ಎಡವತೀರಿ. ಹೇಳಿದ್ರ ಮಂಚದ್ದ ತಪ್ಪು, ಥೇಟರದ್ದ ತಪ್ಪು."

ಟಿಳಕವಾಡಿಯ ಕಣ್ಣಿನ ಡಾಕ್ಟರು ಹನಿ ಹಾಕಿ ಬಹಳ ಹೊತ್ತು ನೋಡಿದರು. ಒಂದು ಬಿಂದುವನ್ನೇ ದಿಟ್ಟಿಸಲು ಹೇಳಿ, ಬದಿಯಿಂದ ಸಣ್ಣ ಬೆಳಕು ತಂದು, ಕಂಡಾಗ ಹೇಳಿ ಎಂದರು. ನಾನು ಹೇಳಿದ್ದು ಬಹಳ ತಡವಾಗಿ. ಕೊನೆಗೆ ಕೇಳಿದರು: "ನಿಮ್ಮ ತಂದಿ ತಾಯಿ ಸಂಬಂಧದಾಗ ಮದಿವಿ ಆದವರೇನು?"

"ಹೌದ್ರಿ. ಸ್ವಾದರಮಾವನ್ನ ಲಗ್ನ ಆಗ್ಯಾಳ ನಮ್ಮವ್ವ."

ಅವರು ಚೀಟಿಯ ಮೇಲೆ ಏನೋ ಬರೆದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಗೆ ಸವೆಯುತ್ತ ಬರುತ್ತಿದೆ, ಇದು ಹುಟ್ಟಿನಿಂದಲೇ ಬಂದದ್ದು, ಕರುಗಳ ಇಂಜೆಕ್ಷನ್ ಇದಕ್ಕೆ ನಡೆಯುವುದಿಲ್ಲ, ಎಷ್ಟು ವರ್ಷ ಹಿಡಿಯುತ್ತದೆಂದು ಹೇಳಲಾಗದು, ಹಗಲು ಸದ್ಯಕ್ಕೆ ತೊಂದರೆಯಿಲ್ಲ ಎಂದು ನಿಧಾನವಾಗಿ ತಿಳಿಸಿದರು. "ಕತ್ತಲಾದ ಮ್ಯಾಲ ಗಾಡಿ ಮುಟ್ಟಬ್ಯಾಡ್ರಿ. ಇದೊಂದು ಮಾತ್ರ ಖರೇನ ಕೇಳ್ರಿ."

ಕೇಳಿದೆ. ಹಾಲಿನವನು ನೆನಪಿಗೆ ಬಂದು, ಅವನು ಒಂದು ಗೇಣು ಈ ಕಡೆ ಇದ್ದಿದ್ದರೆ ಎಂದು ಲೆಕ್ಕ ಹಾಕುತ್ತ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕಾಕಾಗೆ ಹೇಳಿದಾಗ ಅವರು ಕಾರಿನ ದೀಪದ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತ, "ಮತ್ತ ಇವು?" ಎಂದರು. ಅದಕ್ಕೆ ಉತ್ತರ ಹೆಂಡತಿ ಕೊಟ್ಟಳು. "ನಾ ಕಲೀತೀನಿ."

ಆಗ ಅವಳಿಗೆ ಮೂವತ್ತೆಂಟು. ನಮ್ಮ ಓಣಿಯಲ್ಲಿ ಕಾರು ಓಡಿಸುವ ಹೆಂಗಸರು ಬೇರೆ ಇರಲಿಲ್ಲ. ಬೆಳಗಿನ ಹೊತ್ತು ಬಯಲಿನಲ್ಲಿ ಕಾಕಾ ಕಲಿಸಿದರು. ನಾನು ಕಲಿಸಹೋದ ಎರಡು ದಿನ ಜಗಳವಾಗಿತ್ತು. ಕ್ಲಚ್ ಬಿಡುವುದು ಅವಳಿಗೆ ಒಂದು ತಿಂಗಳು ಒಗ್ಗಲಿಲ್ಲ. ಆಮೇಲೆ ಒಗ್ಗಿತು, ಲೈಸೆನ್ಸಿನ ಪರೀಕ್ಷೆಯೂ ಆಯಿತು. ಹಗಲು ನಾನು ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗತೊಡಗಿದೆ. ಸಂಜೆಯ ಕರೆಗಳಿದ್ದ ದಿನ ಅವಳು ಕಾರು ತರುತ್ತಿದ್ದಳು.

ಅಂಥ ಮೊದಲ ಕರೆ ಗುಂಜಿಯದು. ಮೊದಲ ಸಲ ಈಯುತ್ತಿದ್ದ ಎಮ್ಮೆ, ಕರು ಅಡ್ಡ ಸಿಕ್ಕಿಕೊಂಡಿತ್ತು. ನಾವು ಮುಟ್ಟುವಾಗ ಕತ್ತಲಾಗಿ ಕರೆಂಟೂ ಹೋಗಿತ್ತು. ಕೊಟ್ಟಿಗೆಯಲ್ಲಿ ಒಂದು ಕಂದೀಲು. ಹೆಂಡತಿ ಕಾರನ್ನು ಹಿಂದೆ ಮುಂದೆ ಮಾಡಿ, ದೀಪ ಕೊಟ್ಟಿಗೆಯ ಬಾಗಿಲೊಳಗೆ ಬೀಳುವಂತೆ ನಿಲ್ಲಿಸಿದಳು. ಬೆಳಕು ಎಮ್ಮೆಯ ಸೊಂಟದವರೆಗೆ ಬಂದು ನಿಂತಿತು. ಅದರ ಕಣ್ಣಿಗೆ ಹೊಡೆಯಲಿಲ್ಲ, ಅದು ಬೆದರಲಿಲ್ಲ. ಒಳಗೆ ಕೈ ಹಾಕಿದ ಮೇಲೆ ನನಗೆ ಬೆಳಕಿನ ಹಂಗಿರಲಿಲ್ಲ. ಮೊಣಕಾಲು ಯಾವುದು, ಹಿಮ್ಮಡಿ ಯಾವುದು ಎಂದು ಬೆರಳಿಗೇ ಗೊತ್ತು. ಮುಕ್ಕಾಲು ತಾಸು ಹಿಡಿಯಿತು. ಕರು ಹೊರಬಂದು ಹುಲ್ಲಿನ ಮೇಲೆ ಬಿದ್ದಾಗ ಹೆಂಡತಿಯೇ ಮೊದಲು ಕೂಗಿದ್ದು: "ಉಸರ ಆಡಾಕತ್ತೈತ್ರೀ!"

ಮನೆಯ ಮುದುಕಿ ಕರುವಿನ ಮೈ ಒರೆಸುತ್ತ, ಅರ್ಧ ಮರಾಠಿಯಲ್ಲಿ, "ವೈನೀ, ಗಾಡಿ ಬಂದ್ ಕರೂ ನಕಾ, ಇನ್ನೊಂದು ಘಡಿ ಇರಲಿ," ಎಂದು, ದೀಪ ಆರಿಸದಂತೆ ನನ್ನ ಹೆಂಡತಿಯನ್ನು ಕೇಳಿಕೊಂಡಳು. ನಾವು ಕರು ಎದ್ದು ಮೊಲೆಗೆ ಬಾಯಿ ಹಾಕುವವರೆಗೂ ನಿಂತೆವು. ಮರಳುವ ದಾರಿಯಲ್ಲಿ ಹೆಂಡತಿ ಓಡಿಸಿದಳು. ನಾನು ಕೈಯ ವಾಸನೆ ಹೋಗಲೆಂದು ಕಿಟಕಿಯಾಚೆ ಕೈ ಹಿಡಿದುಕೊಂಡು ಕೂತಿದ್ದೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಆಮೇಲೆ ನಾನೇ ಕೇಳಿ ಬೆಳಗಾವಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿ ಕೆಲಸ ಹಗಲಿನದೇ. ಹೆಂಡತಿ ಮಾತ್ರ ಕಾರು ಬಿಡಲಿಲ್ಲ. ಮುಂದಿನ ಮಳೆಗಾಲದೊಳಗೆ ಓಣಿಯ ಇನ್ನಿಬ್ಬರು ಹೆಂಗಸರಿಗೆ ಅದರಲ್ಲೇ ಓಡಿಸುವುದನ್ನು ಕಲಿಸಿದಳು.