ಗೋಡೆ ಕಲಿಸಿದ ಕಾಲು

ಗಾಜಿನ ಅಂಗಡಿಯಲ್ಲಿ ಡ್ರಮ್ ಬಡಿಯುವವಳನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಗುಂಡಿಗೆ ಬೇಕು ಅಂತ ಯಜಮಾನರು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಗಿರಾಕಿಗಳು ಅವಳ ಕೈ ನೋಡುತ್ತಿದ್ದರು. ಆ ಕೈಯೋ, ಕಿಟಕಿ ಗಾಜಿನ ಮೇಲೆ ಅಳತೆಪಟ್ಟಿ ಇಟ್ಟು ವಜ್ರದ ಮೊನೆಯಲ್ಲಿ ಗೆರೆ ಎಳೆದರೆ ಒಂದೇ ಸಲ. ಎರಡನೇ ಸಲ ಎಳೆದಿರೋ, ಗಾಜು ಸೀಳುವುದು ತನಗೆ ಇಷ್ಟ ಬಂದ ಕಡೆಗೆ. ಏಳು ವರ್ಷದಲ್ಲಿ ಅವಳ ಕೈಯಲ್ಲಿ ಒಡೆದದ್ದು ಎರಡೇ, ಅದರಲ್ಲೊಂದು ಯಜಮಾನರು ಸೀನಿದ್ದರಿಂದ.

ಬೀದಿಯವರು ಅವಳಿಗಿಟ್ಟ ಹೆಸರು ಗುಡುಗಮ್ಮ. ಹೆವಿ ಮೆಟಲ್ ಅಂದರೇನು ಅಂತ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಗಡಿನ ಗೋಡೌನಿಗೆ ಬೆಂಕಿ ಬಿದ್ದು ಒಳಗಿದ್ದ ಎಮ್ಮೆಗಳೆಲ್ಲ ಓಡಿದ ಸದ್ದು ಅಂತ ಎದುರುಮನೆಯ ಟೈಲರ್ ಒಮ್ಮೆ ವಿವರಿಸಿದ್ದ, ಉಳಿದವರು ಅದನ್ನೇ ಒಪ್ಪಿಕೊಂಡಿದ್ದರು. ಮಹಡಿಯ ತಲೆನೋವಿನ ಹೆಂಗಸಿನ ಜೊತೆ ಜಗಳವಾಗಿ, ಆಮೇಲೆ ರಾಜಿಯಾಗಿ, ಬಾರಿಸುವುದು ಸಂಜೆ ಆರರಿಂದ ಏಳು ಅಂತ ತೀರ್ಮಾನವಾಗಿತ್ತು. ಏಳು ದಾಟಿದರೆ ಆಕೆ ಮೇಲಿನಿಂದ ಕೋಲಿನಲ್ಲಿ ನೆಲ ಕುಟ್ಟುತ್ತಿದ್ದಳು. ಕುಟ್ಟುವ ತಾಳ ಮಾತ್ರ ಚೆನ್ನಾಗಿರುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

ಆ ಒಂದು ಗಂಟೆಗೆ ಗುಡುಗಮ್ಮನದೊಂದು ಕ್ರಮವಿತ್ತು. ಉಗುರಿನ ಸಂದಿಯ ಗಾಜಿನ ಪುಡಿ ತೊಳೆದು, ಕಾಲು ತೊಳೆದು, ಬರಿಗಾಲಲ್ಲಿ ಕೂರುವುದು. ಹತ್ತು ನಿಮಿಷ ಹಳೇ ಟಯರಿನಿಂದ ಕತ್ತರಿಸಿದ ರಬ್ಬರ್ ತುಂಡಿನ ಮೇಲೆ ಬರೀ ಕೈ, ಆದಷ್ಟೂ ನಿಧಾನವಾಗಿ. ಅವಸರದಲ್ಲಿ ಕಲಿತ ತಪ್ಪು ಅವಸರದಲ್ಲಿ ಹೋಗುವುದಿಲ್ಲ ಅಂತ ಅವಳ ನಂಬಿಕೆ. ಆಮೇಲೆ ಇಪ್ಪತ್ತು ನಿಮಿಷ ಬರೀ ಕಾಲು, ಕಾಲಲ್ಲಿ ಒದ್ದು ಬಾರಿಸುವ ದೊಡ್ಡ ಬೇಸ್ ಡ್ರಮ್ಮಿನ ಹೊಟ್ಟೆಗೆ ಕಂಬಳಿ ತುರುಕಿ, ಎರಡು ಪೆಡಲಿನ ಮೇಲೆ ಬಲ, ಎಡ, ಬಲ, ಎಡ. ಕೊನೆಗೆ ಅರ್ಧ ಗಂಟೆ, ತಾನು ಬಾರಿಸುವ ಬ್ಯಾಂಡಿನ ಹಾಡುಗಳು. ಕಾಲಿಗೆ ಬರುವ ಮೊದಲು ಮಾತ್ರ ಒಂದು ಗಳಿಗೆ ಗೋಡೆ ನೋಡುತ್ತಾ ಸುಮ್ಮನೆ ಕೂರುತ್ತಿದ್ದಳು. ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತಲೆ ಕೆಟ್ಟಿದೆ ಅಂದಾರು ಎಂಬ ಭಯ.

ಡ್ರಮ್ಮು ಅಣ್ಣನದು. ರೂಮೂ ಅಣ್ಣನದೇ. ಅವಳಿಗಿಂತ ಎಂಟು ವರ್ಷಕ್ಕೆ ದೊಡ್ಡವನು. ಮುಚ್ಚಿಹೋದ ಹೋಟೆಲೊಂದರ ವಾದ್ಯಗಳಲ್ಲಿ ಈ ಸೆಟ್ಟನ್ನು ಆರಿಸಿ ತಂದು, ಚಪ್ಪಲಿ ಡಬ್ಬಿಯ ತುಂಬ ಕಪ್ಪು ಮುಖಪುಟದ ಕ್ಯಾಸೆಟ್ ಪೇರಿಸಿಕೊಂಡು, ಅವನ್ನು ಕೇಳಿ ಕೇಳಿ ಕಲಿತವನು. ಒಂಬತ್ತು ವರ್ಷದ ತಂಗಿಗೆ ಊಟದ ಮೇಜಿನ ಮೇಲೆ ಎರಡು ಪೆನ್ಸಿಲ್ ಕೊಟ್ಟು ಕೈ ಕಲಿಸಿದ. ಕಾಲು ಯಾವಾಗ ಅಂದರೆ, ಮೊದಲು ಪೆಡಲಿಗೆ ನಿಲುಕಲಿ ಅನ್ನುತ್ತಿದ್ದ. ನಿಲುಕುವ ಹೊತ್ತಿಗೆ ಕೇಳಲು ಅವಳಿಗೆ ಸಂಕೋಚ, ಕರೆಯಲು ಅವನಿಗೆ ಬಿಗುಮಾನ. ಹಾಗಾಗಿ ಅವಳು ಪಕ್ಕದ ರೂಮಿನಲ್ಲಿ ತಗಡಿನ ಪೆಟ್ಟಿಗೆಯ ಮೇಲೆ ಹಿಮ್ಮಡಿ ಇಟ್ಟುಕೊಂಡು, ಗೋಡೆಯಾಚೆಯಿಂದ ಬರುವ ಧುಮ್ ಧುಮ್ಮನ್ನು ಕೇಳುತ್ತಾ ಒದ್ದು ಒದ್ದು ಕಲಿತಳು. ಕೈ ಅಣ್ಣ ಕಲಿಸಿದ್ದು, ಕಾಲು ಗೋಡೆ ಕಲಿಸಿದ್ದು.

ಜ್ವರ ಅಂತ ಮಲಗಿದ ಅಣ್ಣ ಒಂಬತ್ತನೇ ದಿನ ಏಳಲಿಲ್ಲ. ಅದಕ್ಕೀಗ ಆರು ವರ್ಷ. ಎರಡು ತಿಂಗಳ ಮೇಲೆ ಅವನ ಬ್ಯಾಂಡಿನ ಗಿಟಾರಿನವರು ಮನೆಗೆ ಬಂದರು. ಹಗಲು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಮಕ್ಕಳ ಎದುರು ಜೋರಾಗಿ ಕೆಮ್ಮಿದವರೂ ಅಲ್ಲ. ಸಂಜೆಯಾದರೆ ಕಟ್ಟಡ ಬಿರುಕು ಬಿಡುವ ಹಾಗೆ ಬಾರಿಸುತ್ತಿದ್ದರು. ಡ್ರಮ್ಮಿಗೆ ಬಟ್ಟೆ ಹೊದಿಸಿಡಲು ಬಂದವರು ಅವಳು ಬಾರಿಸುವುದನ್ನು ಕೇಳಿ ಬಾಗಿಲಲ್ಲೇ ಕೂತುಬಿಟ್ಟರು. ಕೈ ಬಿದ್ದ ಮೇಲೆ ಕಾಲು ಒಂದು ಕೂದಲೆಳೆ ತಡವಾಗಿ ಬೀಳುತ್ತಿತ್ತು, ಎಳೆದುಕೊಂಡು ಬಂದಂತೆ. ಅಣ್ಣ ಚಿಕ್ಕಂದಿನಲ್ಲಿ ಕಾಂಪೌಂಡಿನಿಂದ ಬಿದ್ದು ಪಾದದ ಗಂಟು ಉಳುಕಿಸಿಕೊಂಡಿದ್ದ. ಇದು ಅವನದೇ ಕಾಲು ಅಂದರು ಮೇಷ್ಟ್ರು. ಬ್ಯಾಂಡಿನ ಎಲ್ಲರೂ ಹೌದು ಹೌದು ಅಂದು, ಅವನ ಜಾಗಕ್ಕೆ ಅವಳನ್ನೇ ಸೇರಿಸಿಕೊಂಡರು. ಇದ್ದಾಗ ಯಾರೂ ಕಿವಿಗೊಟ್ಟು ಕೇಳಿರಲಿಲ್ಲ, ಹೋದ ಮೇಲೆ ಎಲ್ಲರಿಗೂ ನೆನಪಾಯಿತು.

ಅವಳು ಯಾರಿಗೂ ಹೇಳದೇ ಇದ್ದದ್ದು ಇದು: ಕಾಲು ಎತ್ತಿದಾಗಲೆಲ್ಲ, ಅದು ಬೀಳುವ ಮೊದಲೇ, ಗೋಡೆಯಿಂದ ಒಂದು ಧುಮ್ ಕೇಳುತ್ತಿತ್ತು. ಈಗ ಅಣ್ಣನ ರೂಮಿನಲ್ಲಿ ಕೂತವಳು ಅವಳು. ಗೋಡೆಯಾಚೆ ಇದ್ದದ್ದು ಅವಳದೇ ಖಾಲಿ ರೂಮು. ಆದರೂ ಕೇಳುತ್ತಿತ್ತು. ಮೊದಮೊದಲು ಮೈ ಜುಮ್ಮೆಂದು ಎದ್ದು ಹೋಗಿ ದೀಪ ಹಾಕಿ ನೋಡಿದ್ದಳು. ಆಮೇಲೆ ಭಯ ಹೋಗಿ ಅದೇ ಬೇಕಾಯಿತು. ಆ ಸದ್ದು ಬಂದ ಮೇಲೆ ತನ್ನ ಕಾಲು ಬಿಡುವುದು. ವೇದಿಕೆಯ ಮೇಲೂ ಅಷ್ಟೇ. ಜನಕ್ಕೆ ಆ ಎಳೆತವೇ ಹಿಡಿಸಿತ್ತು.

ಅಡುಗೆಮನೆಯಲ್ಲಿ ಅಮ್ಮ ಆರು ಗಂಟೆಗೆ ಕೆಲಸ ನಿಲ್ಲಿಸಿ, ಸ್ಟೂಲಿನ ಮೇಲೆ ಕೈಕಟ್ಟಿ ಕೂರುತ್ತಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ಊರವರ ಮಾತು ಜೋಡಿಸಿದ ಹೆಂಗಸು. ಉಸಿರು ಕೇಳಿ ಯಾರು ಅಂತ ಹೇಳುವಂಥ ಕಿವಿ. ಅಮ್ಮನಿಗೆ ದಿನಾ ಒಂದು ಗಂಟೆ ಮಗ ಸಿಗುತ್ತಾನೆ ಅನ್ನುವುದೇ ಮಗಳಿಗೆ ದೊಡ್ಡ ಸಮಾಧಾನ. ಅವರಿಬ್ಬರೂ ಈ ವಿಷಯ ಆಡಿದವರೇ ಅಲ್ಲ.

ಹೀಗಿರುವಾಗ ಬ್ಯಾಂಡಿನ ಮೊದಲನೇ ರೆಕಾರ್ಡಿಂಗ್ ಬಂತು. ಗುಡುಗಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ, ಅದರಲ್ಲಿ ಟಿಕ್ ಟಿಕ್ ಅಂತ ಒಂದು ಕ್ಲಿಕ್ ಬಿಟ್ಟರು. ಅದಕ್ಕೆ ಸರಿಯಾಗಿ ಬಾರಿಸಬೇಕು. ಕೈ ಸರಿಯಾಗಿ ಹೋಯಿತು. ಕಾಲೆತ್ತಿದಳು. ಗೋಡೆಯ ಸದ್ದು ಬರಲಿಲ್ಲ. ಕಾಲು ಮೇಲೆಯೇ ನಿಂತಿತು, ಯಾವಾಗ ಇಳಿಯಬೇಕೋ ಅದಕ್ಕೆ ತಿಳಿಯದು. ಹದಿನೇಳು ಸಲ ನೋಡಿದರು. ಹೆಡ್‌ಫೋನ್ ಬಿಗಿ ಅಂದಳು, ಕುರ್ಚಿ ಎತ್ತರ ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ಅವಳಿಗೂ ಗೊತ್ತಿತ್ತು.

ರೆಕಾರ್ಡಿಂಗಿನವನು ಒಳ್ಳೆಯವನೇ. ಪರದೆಯ ಮೇಲೆ ಒಂದೊಂದು ಏಟೂ ಗೀಟಿನಂತೆ ಕಾಣುತ್ತದೆ, ತಡವಾದದ್ದನ್ನೆಲ್ಲ ಮುಂದಕ್ಕೆ ಎಳೆದು ಕೂರಿಸುತ್ತೇನೆ, ಇಲ್ಲವೇ ಕಾಲಿನ ಭಾಗ ಪೂರ್ತಿ ಯಂತ್ರದಲ್ಲೇ ಮಾಡಿಬಿಡೋಣ, ಈಗ ಎಲ್ಲರೂ ಮಾಡುವುದೇ ಅಂದ. ಭಾನುವಾರದವರೆಗೆ ಟೈಮ್ ಕೊಡಿ ಅಂತ ಅವಳು ಬೇಡಿಕೊಂಡಳು. ಆಗಲಿ, ಅಷ್ಟರಲ್ಲಿ ಆಗದಿದ್ದರೆ ಯಂತ್ರವೇ ಅಂತ ಮಾತಾಯಿತು.

ಕಾಲು ಸರಿಮಾಡಿಕೊಂಡರೆ ಅಣ್ಣ ಹೋಗುತ್ತಾನೆ, ಅಮ್ಮನ ಪಾಲಿಗೂ ಹೋಗುತ್ತಾನೆ. ಬಿಟ್ಟರೆ ಯಂತ್ರ ಬರುತ್ತದೆ, ಆಗ ಅಣ್ಣನೂ ಇಲ್ಲ, ತಾನೂ ಇಲ್ಲ. ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಆರು ಗಂಟೆಗೆ ಡ್ರಮ್ಮಿಗೆ ಹೋಗದೆ, ಅಡುಗೆಮನೆಯಲ್ಲಿ ಅಮ್ಮನ ಎದುರು ನೆಲದ ಮೇಲೆ ಕೂತು, ಗೋಡೆಯ ಸದ್ದಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವನ ಕಾಲನ್ನು ಬಿಡಬೇಕಾಗಿದೆ ಅಮ್ಮ, ನೀನು ತಪ್ಪು ತಿಳಿಯಬೇಡ ಅಂದಳು.

ಅಮ್ಮ ಕಟ್ಟಿದ್ದ ಕೈ ಬಿಡಿಸಿದಳು.

"ನಿಮ್ಮಣ್ಣನ ಕಾಲು ಒಂದು ದಿನಾನೂ ತಡ ಆದದ್ದಿಲ್ಲ ಕಣೇ," ಅಂದಳು. "ಕೈ ಜೊತೆಗೇ ಬೀಳ್ತಿತ್ತು. ತಡ ಆಗ್ತಿದ್ದದ್ದು ನಿಂದು. ಅವನು ಆ ರೂಮಲ್ಲಿ ಒದೀತಿದ್ದ, ಅದನ್ನ ಕೇಳಿ ಆಮೇಲೆ ನೀನು ಈಚೆ ರೂಮಲ್ಲಿ ಪೆಟ್ಟಿಗೆ ಮೇಲೆ. ಅವಂದು, ನಿಂದು. ಅವಂದು, ನಿಂದು. ನಾನು ಇಲ್ಲಿ ನಿಂತು ಎಷ್ಟು ವರ್ಷ ಕೇಳಿದ್ದೀನಿ."

"ಮತ್ತೆ ಈಗ ದಿನಾ ಕೂತು ಕೇಳ್ತೀಯಲ್ಲ, ಏನನ್ನ?"

"ಕೇಳೋಕಲ್ಲ, ಕಾಯೋಕೆ ಕೂರ್ತೀನಿ. ನೀನು ಅವಂದು ಬರಲಿ ಅಂತ ಕಾಯ್ತೀಯ, ನಂಗೊತ್ತಾಗುತ್ತೆ. ನಾನೂ ಕಾಯ್ತೀನಿ. ಬರೋದು ನಿಂದೊಂದೇ."

ಆರು ವರ್ಷ ಅಣ್ಣನನ್ನು ಹೊತ್ತು ತಿರುಗಿದೆ ಅಂದುಕೊಂಡವಳು ಹೊತ್ತದ್ದು ತನ್ನದೇ ತಪ್ಪನ್ನು. ಅಳು ಬಂತು, ಅಣ್ಣನ ಮೇಲೆ ಸಿಟ್ಟೂ ಬಂತು. ಒಂದು ಸಲ ಕರೆದು ಪಕ್ಕ ಕೂರಿಸಿಕೊಂಡು ಕಲಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಭಾನುವಾರ ಹೆಡ್‌ಫೋನ್ ಹಾಕಿಕೊಂಡಳು. ಕಾಲೆತ್ತಿದಳು, ಕಾಯಲಿಲ್ಲ, ಬಿಟ್ಟಳು. ಕೈಯೂ ಕಾಲೂ ಒಟ್ಟಿಗೆ ಬಿದ್ದವು. ತನ್ನ ಏಟಿಗಿಂತ ಮುಂದೆ ಯಾರ ಸದ್ದೂ ಇರಲಿಲ್ಲ. ಆ ಒಂಟಿತನದಲ್ಲೂ ನಿಲ್ಲಿಸಲಿಲ್ಲ. ಮೂರನೇ ಸಲಕ್ಕೆ ಹಾಡು ಮುಗಿಯಿತು. ಪರದೆಯ ಮೇಲೆ ಒಂದು ಗೀಟನ್ನೂ ಮುಟ್ಟಬೇಕಾಗಿಲ್ಲ ಅಂದ ರೆಕಾರ್ಡಿಂಗಿನವನು. ಮೇಷ್ಟ್ರು ಕಣ್ಣೊರೆಸಿಕೊಂಡು, ಚೆನ್ನಾಗಿತ್ತು ಕಣಮ್ಮ, ಅವನ ಥರ ಮಾತ್ರ ಇರಲಿಲ್ಲ ಅಂದರು. ಅವಳು ವಾದಿಸಲು ಹೋಗಲಿಲ್ಲ.

ಸೋಮವಾರ ಸಂಜೆ ಆರು ಗಂಟೆಗೆ ಮನೆಯಲ್ಲಿ ಕೂತಳು. ಹತ್ತು ನಿಮಿಷ ಕೈ. ಆಮೇಲೆ ಗೋಡೆ ನೋಡದೆ ನೇರ ಕಾಲಿಗೆ ಹೋಗಿ, ಅದೇ ಹಾಡನ್ನು ಹಿಡಿದಳು. ನಾಲ್ಕು ಸುತ್ತು ಮುಗಿದಿರಲಿಲ್ಲ, ಅಡುಗೆಮನೆಯಲ್ಲಿ ಸ್ಟೂಲು ಉರುಳಿತು. ಆರು ವರ್ಷದಲ್ಲಿ ಆ ರೂಮಿನ ಹೊಸ್ತಿಲಿಗೆ ಬಾರದ ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಣ್ಣು ಮಗಳ ಮೇಲಿರಲಿಲ್ಲ, ಡ್ರಮ್ಮಿನ ಸುತ್ತ ಹುಡುಕುತ್ತಿತ್ತು. ಮಗಳು ಕೈ ನಿಲ್ಲಿಸಿದಳು.

"ಅವಂದು ಬಂತು," ಅಂದಳು ಅಮ್ಮ, ಎಕ್ಸ್‌ಚೇಂಜಿನಲ್ಲಿ ಲೈನ್ ಸಿಕ್ಕಾಗ ಹೇಳುತ್ತಿದ್ದ ಮೆತ್ತನೆಯ ದನಿಯಲ್ಲಿ. "ನಿಂದೆಲ್ಲಿ ಹೋಯ್ತೇ?"

ಗುಡುಗಮ್ಮ ಎದ್ದು ಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡಳು. ಆ ಕೈಗಳು ತಣ್ಣಗಿದ್ದವು, ಬಿಡಿಸಿಕೊಳ್ಳಲು ನೋಡುತ್ತಿದ್ದವು.

"ಇದೂ ನಂದೇ ಅಮ್ಮ," ಅಂದಳು. "ಅಣ್ಣ ಇಲ್ಲ."

ಆ ಮನೆಯಲ್ಲಿ ಆ ಮಾತನ್ನು ಒಬ್ಬರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.