ಸಿದ್ಧ ಎಂದು ಬರೆಯುವ ಸಾಹೇಬರು

ಖಾಲಿ ಬಿದ್ದಿರುವ ನಮ್ಮ ಕೈಗಾರಿಕಾ ಜಾಗಕ್ಕೆ ‘ಕಾರ್ಖಾನೆಗೆ ಸಿದ್ಧ’ ಎಂದು ಸರ್ಟಿಫಿಕೇಟು ಕೊಡುವ ಸಾಹೇಬರು ವರ್ಷಕ್ಕೊಮ್ಮೆ ಬರುತ್ತಾರೆ; ಕಾವಲುಗಾರನಾದ ನಾನು ಬೈದುಕೊಂಡೇ ಗೇಟು ತೆಗೆಯುತ್ತೇನೆ. ನಲ್ಲಿ ತಿರುಗಿಸಿ ಒಂದು ಬೊಗಸೆ ಕುಡಿಯದೆ ನೀರಿದೆ ಎಂದು ಬರೆಯುವವರಲ್ಲ. ಲಾರಿ ತಿರುಗಲು ಜಾಗ ಸಾಕೇ ಎಂದು ನೋಡಲು ತಾವೇ ಲಾರಿಯಂತೆ ಹಿಂದಕ್ಕೆ ನಡೆದು ಮುಳ್ಳುಪೊದೆಗೆ ಬೀಳುತ್ತಾರೆ. “ಹಾಸಿಗೆ ಹಾಸಿದೀವಿ ಕಣಯ್ಯ, ಮಲಗೋರು ಬರೋದೊಂದೇ ಬಾಕಿ” ಎನ್ನುತ್ತಾರೆ. ಒಂಬತ್ತು ವರ್ಷವಾಯಿತು, ಒಂದು ಕಂಪನಿಯೂ ಇತ್ತ ತಲೆ ಹಾಕಿಲ್ಲ. ಈ ಸಲ ಅವರು ಫಾರಂನಲ್ಲಿ ‘ಕೆಲಸಕ್ಕೆ ಸ್ಥಳೀಯರು ಸಿಗುತ್ತಾರೆಯೇ’ ಎಂಬ ಪ್ರಶ್ನೆಗೆ ಬಂದಾಗ ನಾನು ರೇಗಿದೆ. “ಯಾರಿದ್ದಾರೆ ಸಾರ್? ಕಾದು ಕಾದು ಎಲ್ರೂ ಊರು ಬಿಟ್ರು. ಸುಳ್ಳು ಬರೀಬೇಡಿ!” ಅವರು ‘ಸಿಗುತ್ತಾರೆ’ ಎಂದು ಬರೆದು, ತಲೆ ಎತ್ತದೆ ಹೇಳಿದರು: “ಸುಳ್ಳಲ್ಲಪ್ಪ. ನನ್ನ ಮಗಳು ಫಿಟ್ಟರ್ ಕೆಲಸ ಕಲಿತು ನಾಲ್ಕು ವರ್ಷದಿಂದ ಇಲ್ಲೇ ಪಕ್ಕದೂರಲ್ಲಿ ಮನೇಲೇ ಕೂತಿದ್ದಾಳೆ.”